ಘಟ್ಟದ ಮಳೆ, ಬಯಲಿನ ಬರ: ಮಳೆಯ ಏರಿಳಿತದ ಲೆಕ್ಕ

(ಬಳಗದ ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಳೆ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಪುತ್ತೂರು, ಸುಳ್ಯ, ಕಡಬದ ನಮ್ಮನ್ನು ಬಹಳವಾಗಿ ಕಾಡಿದ್ದಿಲ್ಲ. ಪತ್ತನಾಜೆ ಕಳೆದ ಮೇಲೆ ಎಷ್ಟು ದಿನ ತಡವಾದೀತು, ಆಟಿಯ ಮಳೆಗೆ ಅಡಿಕೆ ತೋಟದಲ್ಲಿ ಕೊಳೆರೋಗ ಎಷ್ಟು ಹಬ್ಬೀತು, ಗುಡ್ಡ ಎಲ್ಲಿ ಜರಿದೀತು ಎಂಬುವು ನಮ್ಮ ಚಿಂತೆಗಳು. ಇಂತಹ ಊರಿನಲ್ಲಿ ನಿಂತು ಬಯಲುಸೀಮೆಯ ಒಣ ಪ್ರದೇಶದ ಮಳೆಯ ಬಗ್ಗೆ ಮಾತನಾಡಬೇಕಾದ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕುಮಾರಧಾರೆಗೆ ಬಂದು ಸೇರುವ ಗುಂಡ್ಯ ಹೊಳೆಯ ಮೇಲ್ದಂಡೆಯ ನೀರನ್ನು ಇಂದು ಪೂರ್ವಕ್ಕೆ ತಿರುಗಿಸಲಾಗುತ್ತಿದೆ. ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಉದ್ಘಾಟನೆಗೊಂಡಿತು. ‘ಅಲ್ಲಿ ಬರ, ಇಲ್ಲಿ ಹೇರಳ, ಇಲ್ಲಿಯದನ್ನು ಅಲ್ಲಿಗೆ ಒಯ್ದರಾಯಿತು’ ಎಂಬ ವಾದದ ಪರವಾಗಿಯೋ ವಿರೋಧವಾಗಿಯೋ ಮಾತನಾಡುವ ಮೊದಲು, ಅಲ್ಲಿಯ ಬರ ಎಂಬುದು ಎಂತಹದು, ಅದು ಎಲ್ಲಿಂದ ಬರುತ್ತದೆ, ಅದು ಬಂದ ವರ್ಷ ಇಲ್ಲಿಯ ಹೇರಳ ಏನಾಗುತ್ತದೆ ಎಂಬುದನ್ನು ನಾವು ತಿಳಿದಿರಬೇಕು.

ಮೊದಲು ಅಂಕಿಗಳನ್ನು ನೋಡೋಣ. ನಮ್ಮ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ 4,000 ಮಿಲಿಮೀಟರಿನ ಆಸುಪಾಸು. ಶಿರಾಡಿ ಘಾಟಿಯನ್ನು ಹತ್ತಿ, ಹಾಸನವನ್ನು ದಾಟಿ, ಒಂದು ಹಗಲಿನ ಪ್ರಯಾಣದಲ್ಲಿ ಹಿರಿಯೂರು, ಚಳ್ಳಕೆರೆ, ಪಾವಗಡದ ಕಡೆಗೆ ಹೋದರೆ ಅದು 500 ಮಿಲಿಮೀಟರಿನ ಆಚೀಚೆಗೆ ಇಳಿಯುತ್ತದೆ, ಎಂದರೆ ಎಂಟರಲ್ಲಿ ಒಂದು ಪಾಲು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಎರಡೂವರೆ ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆ ಬಿದ್ದ ದಿನವೇ ‘ಮಳೆಯ ದಿನ’. ಅಂತಹ ದಿನಗಳು ನಮ್ಮಲ್ಲಿ ವರ್ಷಕ್ಕೆ ನೂರಿಪ್ಪತ್ತರಷ್ಟಿದ್ದರೆ ಅಲ್ಲಿ ನಲವತ್ತರಷ್ಟು.

ಇಷ್ಟನ್ನು ಶಾಲಾಪಠ್ಯಗಳೂ ಹೇಳುತ್ತವೆ. ಅವು ಹೇಳದೆ ಬಿಡುವ ಮಾತೆಂದರೆ ಏರಿಳಿತದ್ದು. ಇಡೀ ಭಾರತದ ಮುಂಗಾರು ಮಳೆ ವರ್ಷದಿಂದ ವರ್ಷಕ್ಕೆ ಸರಾಸರಿಯಿಂದ ಶೇಕಡಾ 10ರಷ್ಟು ಆಚೀಚೆ ಸರಿಯುತ್ತದೆ. ಕರಾವಳಿ ಹಾಗೂ ಘಟ್ಟದ ಭಾಗದಲ್ಲಿ ಇದು ಸಾಮಾನ್ಯವಾಗಿ ಶೇಕಡಾ 15ರಿಂದ 20. ಒಣ ಬಯಲಿನಲ್ಲಿ, ಒಂದೊಂದು ಊರಿನ ಮಳೆಯನ್ನೇ ಹಿಡಿದು ನೋಡಿದರೆ, ಶೇಕಡಾ 30 ಅಥವಾ ಅದನ್ನೂ ಮೀರಬಹುದು. ಇದರ ಅರ್ಥವನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸುತ್ತೇನೆ. ನಮ್ಮ 4,000 ಮಿಲಿಮೀಟರಿನಲ್ಲಿ 700 ಕಡಿಮೆಯಾದರೆ ಉಳಿಯುವುದು 3,300. ಬಾವಿಯ ನೀರು ಏಪ್ರಿಲಿನಲ್ಲಿ ಬೇಗ ಇಳಿದೀತು, ತೋಟಕ್ಕೆ ನೀರು ಬಿಡುವ ಸರದಿ ಬಿಗಿಯಾದೀತು, ಆದರೆ ಬೆಳೆ ಉಳಿಯುತ್ತದೆ. ಅಲ್ಲಿಯ 500ರಲ್ಲಿ 150 ಕಡಿಮೆಯಾದರೆ ಉಳಿಯುವ 350ರಲ್ಲಿ ಕಾಳು ಕಟ್ಟುವುದಿಲ್ಲ. ಆ 150 ಮಿಲಿಮೀಟರ್ ನಮ್ಮಲ್ಲಿ ಆಟಿಯ ಒಂದು ಹಗಲು ರಾತ್ರಿಯಲ್ಲಿ ಸುರಿಯಬಹುದಾದ ನೀರು, ಅಲ್ಲಿ ನಾಲ್ಕು ಹದಮಳೆ. ಕೊರತೆಯ ಪ್ರಮಾಣವನ್ನು ಮಿಲಿಮೀಟರಿನಲ್ಲಿ ಮಾತ್ರ ಅಳೆಯುವವರಿಗೆ ಬರ ಅರ್ಥವಾಗುವುದಿಲ್ಲ.

ಈ ಏರಿಳಿತ ಎಷ್ಟು ದೀರ್ಘವಾದದ್ದೆಂಬುದಕ್ಕೆ ಹಿರಿಯೂರಿನ ಬಳಿಯ ಮಾರಿಕಣಿವೆಯಷ್ಟು ಒಳ್ಳೆಯ ಸಾಕ್ಷಿ ಬೇರೊಂದಿಲ್ಲ. ವಾಣಿವಿಲಾಸ ಸಾಗರವೆಂದು ಹೆಸರಾದ ಈ ಅಣೆಕಟ್ಟನ್ನು ವೇದಾವತಿ ನದಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನದವರು 1898ರಿಂದ 1907ರ ನಡುವೆ ಕಟ್ಟಿಸಿದರು. ಅದರ ಸಾಮರ್ಥ್ಯ 30 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ ನೀರು. ಅದು ತುಂಬಿ ಮೊದಲ ಬಾರಿಗೆ ಕೋಡಿ ಹರಿದದ್ದು 1933ರಲ್ಲಿ. ಎರಡನೆಯ ಬಾರಿ ಹರಿದದ್ದು 2022ರಲ್ಲಿ, 89 ವರ್ಷಗಳ ತರುವಾಯ. ಮೂರನೆಯ ಬಾರಿ 2025ರ ಜನವರಿಯಲ್ಲಿ. ಈಚಿನ ಎರಡು ಬಾರಿ ಭದ್ರಾ ನದಿಯಿಂದ ಎತ್ತಿ ತಂದ ನೀರೂ ಸೇರಿತ್ತೆಂಬುದನ್ನು ಮರೆಯಬಾರದು. ಆದರೂ ಯೋಚಿಸಿ: 1933ರಲ್ಲಿ ಕೋಡಿ ನೋಡಿದ ಮಗು ತೊಂಬತ್ತು ದಾಟಿದ ಮೇಲೆ ಮತ್ತೆ ಕೋಡಿ ನೋಡಿತು. ನಡುವೆ ಹುಟ್ಟಿ ಬಾಳಿ ಹೋದವರು ಅದನ್ನು ನೋಡಲೇ ಇಲ್ಲ. ವೇದಾವತಿ ಹುಟ್ಟುವುದು ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ಸೀಮೆಯಲ್ಲಿ. ಬೆಟ್ಟದಲ್ಲಿ ಹುಟ್ಟಿದ ಹೊಳೆಯ ಅವಸ್ಥೆಯೇ ಹೀಗಾದರೆ ಬಯಲಿನಲ್ಲೇ ಹುಟ್ಟುವ ಹಳ್ಳಗಳ ಮಾತೇನು?

ಈಗ ಕಾರಣಗಳ ಕಡೆಗೆ ಬರೋಣ. ಮೊದಲನೆಯ ಕಾರಣ ನಮ್ಮ ಮನೆಯ ಹಿತ್ತಲಲ್ಲೇ ಇದೆ. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಕುಮಾರಪರ್ವತ, ಬಿಸಿಲೆ, ಶಿರಾಡಿಯ ಸಾಲಿಗೆ ಬಡಿದು ಮೇಲೇರುತ್ತದೆ, ತಂಪಾಗುತ್ತದೆ, ಮಳೆಯಾಗಿ ಸುರಿಯುತ್ತದೆ. ಬೆಟ್ಟವನ್ನು ದಾಟಿ ಆಚೆ ಇಳಿಯುವಾಗ ಅದೇ ಗಾಳಿ ಬಿಸಿಯಾಗಿ ಒಣಗುತ್ತದೆ. ಆದ್ದರಿಂದ ಬಯಲು ಮಳೆ ನೆರಳಿನ ಪ್ರದೇಶವಾಯಿತು. ಇದರಿಂದ ಹೊರಡುವ ಒಂದು ಪರಿಣಾಮವನ್ನು ಹೆಚ್ಚಿನವರು ಗಮನಿಸಿರುವುದಿಲ್ಲ. ನಮ್ಮಲ್ಲಿ ಪಶ್ಚಿಮದ ಗಾಳಿ ಅತ್ಯಂತ ಬಿರುಸಾಗಿರುವ ಜುಲೈ ತಿಂಗಳಲ್ಲಿ ಪಾವಗಡ, ಚಳ್ಳಕೆರೆಯಲ್ಲಿ ಗಾಳಿಯಷ್ಟೇ ಬೀಸುತ್ತದೆ, ಮೋಡ ಓಡುತ್ತದೆ, ಮಳೆ ಇರುವುದಿಲ್ಲ. ಅಲ್ಲಿಯವರ ನಿಜವಾದ ಮಳೆಗಾಲ ನಮ್ಮ ಗಾಳಿ ಸೋತ ಮೇಲೆ, ಸೆಪ್ಟೆಂಬರ್ ಹಾಗೂ ಅಕ್ಟೋಬರಿನಲ್ಲಿ. ನಾವು ಮಳೆಗಾಲ ಮುಗಿಯಿತೆಂದು ನಿಟ್ಟುಸಿರಿಡುವ ಹುಬ್ಬಾ, ಉತ್ತರಾ, ಹಸ್ತಾ, ಚಿತ್ತಾ ಮಳೆಗಳಿಗೆ ಅವರು ಕಾಯುತ್ತಾರೆ. ಆ ಮಳೆ ಬರುವುದು ಬಂಗಾಳಕೊಲ್ಲಿಯ ವಾಯುಭಾರ ಕುಸಿತಗಳಿಂದ ಮತ್ತು ಸಂಜೆಯ ಗುಡುಗುಮೋಡಗಳಿಂದ. ಗುಡುಗಿನ ಮಳೆ ಒಂದು ಹೊಲಕ್ಕೆ ಬಿದ್ದರೆ ಪಕ್ಕದ ಹೊಲವನ್ನು ಬಿಡುತ್ತದೆ. ಏರಿಳಿತದ ಒಂದು ಪಾಲು ಇಲ್ಲಿಂದಲೇ ಹುಟ್ಟುತ್ತದೆ.

ಎರಡನೆಯ ಕಾರಣ ಬಹಳ ದೂರದ್ದು, ಅದನ್ನು ಕಂಡುಹಿಡಿಯುವುದಕ್ಕೆ ನೂರು ವರ್ಷಗಳೇ ಹಿಡಿದವು. 1876–78ರ ಧಾತು ಈಶ್ವರ ಕ್ಷಾಮದ ಹೆಸರನ್ನು ಕೇಳಿರಬಹುದು. ಧಾತು ಮತ್ತು ಈಶ್ವರ ಎಂಬ ಎರಡು ಸಂವತ್ಸರಗಳ ಕಾಲ ನಡೆದುದರಿಂದ ಆ ಹೆಸರು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅದೇ 1877ರಲ್ಲಿ ಬ್ರೆಜಿಲ್ ದೇಶದ ಈಶಾನ್ಯದ ಒಣ ಸೀಮೆಯಲ್ಲೂ, ಚೀನಾದ ಉತ್ತರದಲ್ಲೂ ಘೋರ ಕ್ಷಾಮವಿತ್ತು. ಒಂದಕ್ಕೊಂದು ಸಂಬಂಧವಿದೆಯೆಂದು ಅಂದು ಯಾರೂ ಹೇಳಲಾರದವರಾಗಿದ್ದರು. (ಮಳೆ ಹೋದದ್ದು ಸಮುದ್ರದಿಂದ; ಅಷ್ಟು ಜನ ಸತ್ತದ್ದಕ್ಕೆ ಮಾತ್ರ ಸಮುದ್ರವನ್ನು ದೂರಲಾಗದು. ಕ್ಷಾಮದ ನಡುವೆಯೂ ಭಾರತದಿಂದ ಧಾನ್ಯ ಹಡಗೇರುತ್ತಿತ್ತು.)

ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ನಂಟಿದೆಯೆಂದು ಊಹಿಸಿದ. 1904ರಲ್ಲಿ ಆ ಹುದ್ದೆಗೆ ಬಂದ ಗಿಲ್ಬರ್ಟ್ ವಾಕರ್ ಗಣಿತಜ್ಞ. ಅವನು ಜಗತ್ತಿನ ಊರೂರುಗಳ ವಾಯುಭಾರ, ಉಷ್ಣತೆ, ಮಳೆಯ ದಾಖಲೆಗಳನ್ನು ತರಿಸಿ, ಗುಮಾಸ್ತರನ್ನು ಕೂರಿಸಿ ಲೆಕ್ಕ ಹಾಕಿಸಿದ. ಶಾಂತಸಾಗರದ ಪೂರ್ವದಲ್ಲಿ ವಾಯುಭಾರ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ ಎಂಬ ತಕ್ಕಡಿಯಂತಹ ಓಲಾಟವನ್ನು ಗುರುತಿಸಿ, ಅದನ್ನು ‘ದಕ್ಷಿಣದ ಓಲಾಟ’ವೆಂದು ಕರೆದ. ಇದಕ್ಕೂ, ಪೆರು ದೇಶದ ಬೆಸ್ತರು ಕ್ರಿಸ್‌ಮಸ್ ಹೊತ್ತಿಗೆ ಕಾಣುವ ಬೆಚ್ಚನೆಯ ನೀರಿಗೆ ಬಾಲಯೇಸುವಿನ ನೆನಪಿನಲ್ಲಿ ಇಟ್ಟ ‘ಎಲ್ ನಿನೋ’ ಎಂಬ ಹೆಸರಿಗೂ ಸಂಬಂಧವಿದೆಯೆಂದು ಯಾಕೋಬ್ ಬಿಯರ್ಕ್ನೆಸ್ ತೋರಿಸಿದ್ದು 1969ರಲ್ಲಿ.

ಅದು ಕೆಲಸ ಮಾಡುವ ಬಗೆ ಹೀಗಿದೆ. ಸಾಮಾನ್ಯ ವರ್ಷಗಳಲ್ಲಿ ಶಾಂತಸಾಗರದ ವಾಣಿಜ್ಯ ಮಾರುತಗಳು ಬೆಚ್ಚನೆಯ ಮೇಲ್ನೀರನ್ನು ಪಶ್ಚಿಮಕ್ಕೆ, ಇಂಡೋನೇಷ್ಯಾದ ಕಡೆಗೆ ದೂಡಿ ಇಡುತ್ತವೆ. ಆ ಬಿಸಿನೀರಿನ ಮೇಲೆ ಗಾಳಿ ಏರಿ ದೊಡ್ಡ ಮೋಡಗಳಾಗುತ್ತವೆ. ಮಾರುತಗಳು ಸೋತ ವರ್ಷ ಆ ಬೆಚ್ಚನೆಯ ನೀರು ಪೂರ್ವಕ್ಕೆ ಹರಡುತ್ತದೆ, ಗಾಳಿ ಏರುವ ಜಾಗವೂ ಅದರೊಡನೆ ಸರಿಯುತ್ತದೆ. ಒಂದು ಕಡೆ ಏರಿದ ಗಾಳಿ ಇನ್ನೊಂದು ಕಡೆ ಇಳಿಯಲೇಬೇಕು. ಅದು ನಮ್ಮ ಭಾಗದಲ್ಲಿ ಇಳಿದರೆ ಮೋಡ ಬೆಳೆಯುವುದಿಲ್ಲ. 1877, 1918, 1965, 1972, 1987, 2002, 2009, 2015 ಇವೆಲ್ಲ ಎಲ್ ನಿನೋ ವರ್ಷಗಳು, ಭಾರತದ ಬರದ ವರ್ಷಗಳೂ ಹೌದು. 2002ರ ಜುಲೈಯಲ್ಲಿ ದೇಶದ ಮಳೆ ವಾಡಿಕೆಯ ಅರ್ಧಕ್ಕಿಂತ ಕೆಳಗಿಳಿಯಿತು. ಕರ್ನಾಟಕಕ್ಕೆ ಅದು ಎಡೆಬಿಡದೆ ಬಂದ ಮೂರು ಬರಗಳ ನಡುವಿನ ವರ್ಷ.

ಆದರೆ ಎಲ್ ನಿನೋ ಬಂತೆಂದರೆ ಬರ ಬಂತೆಂದು ಪಂಚಾಂಗದ ಹಾಗೆ ಓದುವಂತಿಲ್ಲ. 1997ರಲ್ಲಿ ಶತಮಾನದ ಅತಿ ಪ್ರಬಲ ಎಲ್ ನಿನೋಗಳಲ್ಲಿ ಒಂದು ಬಂದಿತು. ಭಾರತದಲ್ಲಿ ಮುಂಗಾರು ವಾಡಿಕೆಗಿಂತ ತುಸು ಹೆಚ್ಚೇ ಆಯಿತು. ಈ ಒಗಟಿಗೆ ಒಂದು ಉತ್ತರ 1999ರಲ್ಲಿ ದೊರೆಯಿತು. ಎನ್.ಎಚ್. ಸಾಜಿ, ಬಿ.ಎನ್. ಗೋಸ್ವಾಮಿ, ಪಿ.ಎನ್. ವಿನಯಚಂದ್ರನ್ ಮತ್ತು ಜಪಾನಿನ ತೋಶಿಯೋ ಯಮಗಾಟ ಅವರು ನಮ್ಮದೇ ಹಿಂದೂ ಮಹಾಸಾಗರದಲ್ಲಿ ಇಂತಹುದೇ ಒಂದು ಓಲಾಟವನ್ನು ವಿವರಿಸಿದರು. ಆಫ್ರಿಕದ ದಂಡೆಯ ಕಡೆ ನೀರು ಬೆಚ್ಚಗಾಗಿ ಸುಮಾತ್ರದ ಕಡೆ ತಣ್ಣಗಾದರೆ ಅದು ಧನಾತ್ಮಕ ದ್ವಿಧ್ರುವ. ಅಂತಹ ವರ್ಷ ನಮ್ಮ ಮುಂಗಾರಿಗೆ ಅನುಕೂಲ. 1994, 1997, 2019 ಅಂತಹ ವರ್ಷಗಳು. ಇನ್ನು, ಹಿಂದೂ ಮಹಾಸಾಗರದಿಂದ ಪೂರ್ವಕ್ಕೆ ಮೂವತ್ತರಿಂದ ಅರುವತ್ತು ದಿನಗಳಿಗೊಮ್ಮೆ ಸಾಗುವ ಮೋಡದ ಅಲೆಯೊಂದಿದೆ. ನಮ್ಮಲ್ಲಿ ಒಂದು ವಾರ ಬಿರುಮಳೆಯಾಗಿ ಮತ್ತೊಂದು ವಾರ ಬಿಸಿಲು ಕಾಯುವುದಕ್ಕೆ ಅದೂ ಒಂದು ಕಾರಣ.

ಇನ್ನೊಂದು ಸೂಕ್ಷ್ಮ ಸಂಗತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯನ್ನು ಕುಗ್ಗಿಸುವ ಎಲ್ ನಿನೋ, ದಕ್ಷಿಣ ಭಾರತದ ಹಿಂಗಾರನ್ನು ಸಾಮಾನ್ಯವಾಗಿ ಹೆಚ್ಚಿಸುತ್ತದೆ. 2009ರಲ್ಲಿ ಬರವೆಂದು ಕಂಗಾಲಾಗಿದ್ದ ವಿಜಾಪುರ, ಬಾಗಲಕೋಟೆ, ರಾಯಚೂರು ಸೀಮೆ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳಲ್ಲಿ ನೆರೆಯಲ್ಲಿ ಮುಳುಗಿತು. ಅಲ್ಲಿಯ ಮಣ್ಣಿನ ಮನೆಗಳು ಕರಗಿಹೋದವು. ವರ್ಷದ ಮೊತ್ತವನ್ನಷ್ಟೇ ನೋಡುವವರಿಗೆ ಬರ ಮತ್ತು ನೆರೆ ಒಂದನ್ನೊಂದು ಕಳೆದು ‘ವಾಡಿಕೆ ಮಳೆ’ ಕಾಣಬಹುದು!

ಆ ವಾಡಿಕೆಯೂ ಸ್ಥಿರವಲ್ಲ. 1871ರಿಂದ ಈಚಿನ ದಾಖಲೆಯನ್ನು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಜೋಡಿಸಿದಾಗ, ಮೂವತ್ತು ವರ್ಷಗಳಷ್ಟು ಉದ್ದದ ಒಳ್ಳೆಯ ಕಾಲ, ಕೆಟ್ಟ ಕಾಲಗಳು ಕಂಡವು. ಇಪ್ಪತ್ತನೆಯ ಶತಮಾನದ ಮೊದಲ ಮೂವತ್ತು ವರ್ಷ ಬರ ಹೆಚ್ಚು, ಮುಂದಿನ ಮೂವತ್ತು ವರ್ಷ ಬರ ಕಡಿಮೆ, ಆಮೇಲೆ ಮತ್ತೆ ಹೆಚ್ಚು. ದೇಶದ ಮುಂಗಾರಿನ ಸರಾಸರಿಯನ್ನು 1951–2000ರ ಲೆಕ್ಕದಲ್ಲಿ 89 ಸೆಂಟಿಮೀಟರ್ ಎಂದರು, 1961–2010ರ ಲೆಕ್ಕದಲ್ಲಿ 88, 1971–2020ರ ಲೆಕ್ಕದಲ್ಲಿ 87. ಒಳ್ಳೆಯ ಮೂವತ್ತು ವರ್ಷಗಳ ಮಳೆಯನ್ನು ನೋಡಿ ಕಟ್ಟಿದ ಕೆರೆ, ಕಾಲುವೆ, ಕೊಟ್ಟ ಸಾಲ ಕೆಟ್ಟ ಮೂವತ್ತು ವರ್ಷಗಳಲ್ಲಿ ಬರಿದಾಗುತ್ತವೆ. ಇದರ ಮೇಲೆ ಭೂಮಿಯ ಬಿಸಿ ಏರುತ್ತಿದೆ. ಒಂದು ಡಿಗ್ರಿ ಬಿಸಿಯಾದ ಗಾಳಿ ಶೇಕಡಾ 7ರಷ್ಟು ಹೆಚ್ಚು ತೇವವನ್ನು ಹಿಡಿದುಕೊಳ್ಳಬಲ್ಲದು. ಸುರಿದರೆ ಜೋರಾಗಿ ಸುರಿಯುತ್ತದೆ, ನಡುವಿನ ಬಿಡುವು ಉದ್ದವಾಗುತ್ತದೆ. ಮಣ್ಣಿನ ತೇವವೂ ಬೇಗ ಆರುತ್ತದೆ.

ಇಂತಹ ಆಕಾಶದ ಕೆಳಗೆ ಬಯಲಿನ ರೈತ ಹೇಗೆ ಬದುಕಿದ? ಒಂದೇ ಹೊಲದಲ್ಲಿ ನವಣೆ, ಸಜ್ಜೆ, ತೊಗರಿ, ಅವರೆ, ಹುರುಳಿಗಳನ್ನು ಬೆರೆಸಿ ಬಿತ್ತಿದ. ಒಂದು ಹೋದರೆ ಒಂದು ಉಳಿಯುತ್ತಿತ್ತು. ಕುರಿ ಸಾಕಿದ, ಕೆರೆ ಕಟ್ಟಿದ. 1970ರ ದಶಕದಿಂದೀಚೆಗೆ ಪಾವಗಡ ಭಾಗದಲ್ಲಿ ನಾವು ನೆಲಗಡಲೆ ಎನ್ನುವ ಕಡಲೆಕಾಯಿಯೊಂದೇ ಹೊಲಗಳನ್ನೆಲ್ಲ ಆವರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಹಾಗೂ ಅವರ ಜೊತೆಗಾರರು ಆ ರೈತರೊಡನೆ ಕುಳಿತು, ದಶಕಗಳ ಮಳೆಯ ದಾಖಲೆಯನ್ನಿಟ್ಟುಕೊಂಡು, ಯಾವಾಗ ಬಿತ್ತಿದರೆ ಸೋಲು ಕಡಿಮೆ ಎಂಬುದನ್ನು ಲೆಕ್ಕ ಹಾಕಿದರು. ಜೂನಿನ ಮೊದಲ ಹದಕ್ಕೇ ಆತುರಪಡದೆ ಜುಲೈ ಆರಂಭ ಕಳೆದ ಮೇಲೆ ಬಿತ್ತುವುದು ಲೇಸೆಂದು ಕಂಡಿತು. ಹಾಗೆ ಬಿತ್ತಿದರೆ ಕಾಯಿ ಕಟ್ಟುವ ಸಮಯ ಸೆಪ್ಟೆಂಬರಿನ ಮಳೆಗೆ ಕೂಡಿಬರುತ್ತದೆ. ಮಳೆಯನ್ನು ಬದಲಿಸಲಾಗದಿದ್ದರೂ ದಿನವನ್ನು ಬದಲಿಸಬಹುದೆಂಬ ಈ ಬಗೆಯ ವಿಜ್ಞಾನಕ್ಕೆ ನನ್ನ ಗೌರವ ಹೆಚ್ಚು. ಅದೇ ಪಾವಗಡದಲ್ಲಿ ಇಂದು ಸುಮಾರು 13,000 ಎಕರೆ ಭೂಮಿಯನ್ನು ರೈತರು ಸೌರವಿದ್ಯುತ್ ಉದ್ಯಾನಕ್ಕೆ ಗುತ್ತಿಗೆಗೆ ಕೊಟ್ಟಿದ್ದಾರೆ. ಮಳೆಯನ್ನು ನಂಬಲಾಗದವರು ಬಿಸಿಲನ್ನು ನಂಬಿದರೆ ಅವರನ್ನು ತಪ್ಪೆನ್ನುವ ಹಕ್ಕು ನಮಗಿಲ್ಲ.

ಈಗ ನಮ್ಮ ಹೊಳೆಗೆ ಮರಳುತ್ತೇನೆ. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ನೀರನ್ನು ಜೂನ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗಿನ 139 ದಿನಗಳಲ್ಲಿ ಎತ್ತಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೊದಲಾದ ಕಡೆಗೆ ಒಯ್ಯುವುದು ಯೋಜನೆ. ಅದರ ಲೆಕ್ಕ 24.01 ಟಿ.ಎಂ.ಸಿ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ 2015ರಲ್ಲಿ ಮಾಡಿದ ಅಂದಾಜಿನಂತೆ ಆ ಜಲಾನಯನದಲ್ಲಿ ಒಟ್ಟು ದೊರೆಯುವುದೇ 9.55 ಟಿ.ಎಂ.ಸಿ. ಈ ಎರಡು ಅಂಕಿಗಳ ಜಗಳ ಎಲ್ಲರಿಗೂ ಗೊತ್ತು. ನಾನು ಕೇಳುವ ಪ್ರಶ್ನೆ ಬೇರೆ. ಯೋಜನೆಯ 24 ಟಿ.ಎಂ.ಸಿ. ಎಂಬುದು ಇಂಜಿನಿಯರುಗಳು ‘ಶೇಕಡಾ 50ರ ಭರವಸೆ’ ಎನ್ನುವ ಲೆಕ್ಕದ್ದು. ಅದನ್ನು ಸರಿಯೆಂದೇ ಒಪ್ಪಿಕೊಂಡರೂ, ಎರಡು ವರ್ಷಗಳಲ್ಲಿ ಒಂದು ವರ್ಷ ಅಷ್ಟು ನೀರು ಇರುವುದಿಲ್ಲವೆಂದು ಅದರ ಅರ್ಥ. ಆ ಒಂದು ವರ್ಷ ಯಾವುದು?

ಇದಕ್ಕೆ ಈಚಿನ ಎರಡು ವರ್ಷಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. 2018ರ ಆಗಸ್ಟಿನಲ್ಲಿ ನಮ್ಮ ಗಡಿಯ ಜೋಡುಪಾಲ, ಮದೆನಾಡಿನಲ್ಲಿ ಗುಡ್ಡಗಳು ಕುಸಿದು ಸಂಪಾಜೆಯ ರಸ್ತೆಯೇ ಇಲ್ಲದಂತಾಯಿತು. ಅದೇ ಮುಂಗಾರಿನಲ್ಲಿ ರಾಜ್ಯ ಸರ್ಕಾರ 100 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಬಿರುಸಾದ ಪಶ್ಚಿಮದ ಗಾಳಿ ಘಟ್ಟವನ್ನು ತೋಯಿಸಿ ಬಯಲನ್ನು ಒಣಗಿಸಿದ ವರ್ಷ ಅದು. ಹೆಚ್ಚಾದ ನೀರನ್ನು ಅತ್ತ ಒಯ್ಯಬಹುದಿತ್ತೆಂದು ಹೇಳುವವರಿಗೆ ಅಂತಹ ವರ್ಷ ಒಂದು ಆಧಾರ, ಅದನ್ನು ನಾನು ಮರೆಮಾಚುವುದಿಲ್ಲ. ಇನ್ನೊಂದು 2023, ಎಲ್ ನಿನೋ ವರ್ಷ. ದೇಶದಲ್ಲಿ 1901ರಿಂದ ಈಚೆಗೆ ಅಷ್ಟು ಒಣಗಿದ ಆಗಸ್ಟ್ ಬಂದಿರಲಿಲ್ಲ. ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪಟ್ಟಿಗೆ ಸೇರಿದವು. ರಾಜ್ಯದ ಮುಂಗಾರು ನಾಲ್ಕನೆಯ ಒಂದು ಪಾಲಿನಷ್ಟು ಕಡಿಮೆಯಾದರೆ, ಮಲೆನಾಡಿನ ಜಿಲ್ಲೆಗಳಲ್ಲಿ ಕೊರತೆ ಮೂರನೆಯ ಒಂದನ್ನೂ ಮೀರಿತು. ಬಯಲಿಗೆ ನೀರು ಅತ್ಯಂತ ಅಗತ್ಯವಿದ್ದ ವರ್ಷ ಘಟ್ಟದ ಹೊಳೆಗಳು ಅತ್ಯಂತ ಬಡವಾಗಿದ್ದವು. ಸಮುದ್ರವೇ ಕೈಕೊಟ್ಟಾಗ ಎರಡೂ ಕಡೆ ಒಟ್ಟಿಗೇ ಸೊರಗುತ್ತವೆ. ಅಂತಹ ವರ್ಷದ ಮಾರ್ಚ್‌ನಲ್ಲಿ ಕುಮಾರಧಾರೆಯಲ್ಲಿ ಉಳಿಯುವ ನೀರು, ಹಿಂದಿನ ಸೆಪ್ಟೆಂಬರಿನಲ್ಲಿ ಮೇಲ್ದಂಡೆಯ ಕಾಡಿನ ಮಣ್ಣು ಎಷ್ಟು ಕುಡಿದಿತ್ತೆಂಬುದನ್ನು ಅವಲಂಬಿಸಿರುತ್ತದೆ. ಆದ್ದರಿಂದ ಯಾವ ಮಟ್ಟಕ್ಕಿಂತ ಹೊಳೆ ಇಳಿದರೆ ಎತ್ತುವುದನ್ನು ನಿಲ್ಲಿಸಬೇಕೆಂಬುದನ್ನು ಬರೆದಿಟ್ಟು, ದಿನದಿನದ ಲೆಕ್ಕವನ್ನು ಗ್ರಾಮ ಪಂಚಾಯತಿಗಳಿಗೆ ತಿಳಿಸಬೇಕೆಂದು ನಾವು ಕೇಳಬೇಕಾಗಿದೆ. ಅತ್ತ ಕೋಲಾರದವರೂ ಇದೇ ಪ್ರಶ್ನೆಯನ್ನು ಕೇಳಬೇಕು: ಬರದ ವರ್ಷ ಕಾಲುವೆಯಲ್ಲಿ ನೀರು ಬರದಿದ್ದರೆ ತಮ್ಮ ಕೆರೆಗಳ ಹೂಳೆತ್ತಿ ಇಟ್ಟವರು ಯಾರು?

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ನಿಲ್ಲಿಸುತ್ತೇನೆ. ಸುಳ್ಯ, ಪುತ್ತೂರಿನ ಕೆಲವು ಕೃಷಿಕರು ದಶಕಗಳಿಂದ ಮನೆಯಂಗಳದ ಮಳೆಮಾಪಕದಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅವರ ಅನುಮತಿ ಕೇಳಿ ಆ ಪುಸ್ತಕಗಳ ಪ್ರತಿ ಮಾಡಿಕೊಳ್ಳಿ. ತಿಂಗಳ ಮೊತ್ತ ಸಾಲದು, ದಿನದ ಅಳತೆ ಬೇಕು. ಬೆಳಿಗ್ಗೆ ಎಂಟೂವರೆಗೆ ಅಳೆಯುವುದು ಇಲಾಖೆಯ ಪದ್ಧತಿ, ನೀವೂ ಅದನ್ನೇ ಅನುಸರಿಸಿ. ಮಳೆ ಬಾರದ ದಿನ ಸೊನ್ನೆ ಬರೆಯಲು ಮರೆಯಬೇಡಿ. ಜಾಗ ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ಅಳೆಯಲಿಲ್ಲವೋ ಎಂದು ಮುಂದೆ ತಿಳಿಯುವುದಿಲ್ಲ. 1988ರಲ್ಲಿ ಬರ ಮೇಲ್ವಿಚಾರಣಾ ಘಟಕವಾಗಿ ಆರಂಭವಾದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಈಗ ಗ್ರಾಮ ಪಂಚಾಯತಿ ಮಟ್ಟದಲ್ಲಿ ಮಳೆಮಾಪಕಗಳನ್ನಿಟ್ಟಿದೆ. ನಿಮ್ಮ ಅಳತೆಯನ್ನು ಅದರೊಡನೆ ಹೋಲಿಸಿ. ಜೊತೆಗೆ ಹೊಳೆಯ ಸಂಕದ ಕಂಬಕ್ಕೆ ಗುರುತು ಹಾಕಿ, ಡಿಸೆಂಬರಿನಿಂದ ಮೇ ತಿಂಗಳವರೆಗೆ ವಾರಕ್ಕೊಮ್ಮೆ ನೀರಿನ ಮಟ್ಟವನ್ನು ಬರೆಯಿರಿ. ಮುಂದಿನ ಎಲ್ ನಿನೋ ವರ್ಷ ಬಂದಾಗ ಎತ್ತಿನಹೊಳೆಯ ಬಗ್ಗೆ ಯಾರಾದರೂ ಅಂಕಿ ಹೇಳಿದರೆ, ಪಕ್ಕದಲ್ಲಿಡಲು ನಮ್ಮದೇ ಅಂಕಿ ಇರುತ್ತದೆ.

ಪ್ರಶ್ನೆಗಳಿಗೆ ಇನ್ನೂ ಸಮಯವಿದೆ, ಕೇಳಬಹುದು.